ಇಳಿಜಾರಿನಲ್ಲಿ ಮಾತ್ರ ಓಡುವ ಕಾರು

ಎಲ್ಲರಿಗೂ ಅವಸರ ಇರುವ ಹೊತ್ತಿಗೇ ಕಾರು ಸ್ಟಾರ್ಟ್ ಆಗುವುದಿಲ್ಲ. ಇದು ಯಾರ ಮನೆಗೂ ಹೊಸದಲ್ಲ. ಕೀ ತಿರುಗಿಸಿದರೆ ಎಂಜಿನ್ ಒಲ್ಲದ ಮನಸ್ಸಿನಿಂದ ಅರ್ಧ ಸುತ್ತು ಸುತ್ತಿ ಸುಮ್ಮನಾಗುತ್ತದೆ. ಒಳಗೆ ಕೂತವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಮೇಲೆ ಯಾರಾದರೂ ಇಳಿದು ತಳ್ಳುತ್ತಾರೆ.

ನಮ್ಮ ಬೀದಿಯ ಟೈಲರ್ ಈ ತೊಂದರೆಗೆ ಒಂದು ಉಪಾಯ ಕಂಡುಕೊಂಡಿದ್ದ. ಬೀದಿ ಇಳಿಜಾರಿನದು, ಅದರ ಮೇಲಿನ ತುದಿಯಲ್ಲಿ ಅವನ ಮನೆ. ಮುಂದಿನ ಕೋಣೆಯೇ ಅಂಗಡಿ. ಸಂಜೆ ಕಾರನ್ನು ಮನೆಯ ಮುಂದೆ ತಂದು, ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಚಕ್ರಕ್ಕೆ ಒಂದು ಕಲ್ಲು ಕೊಡುತ್ತಿದ್ದ. ಆ ಜಾಗದಲ್ಲಿ ಬೇರೆ ಯಾರೂ ಗಾಡಿ ನಿಲ್ಲಿಸಬಾರದು ಅಂತ ಕಾರು ಹೊರಗೆ ಹೋದಾಗಲೆಲ್ಲ ಅಲ್ಲೊಂದು ಒಡೆದ ಹೂಕುಂಡ ಇಟ್ಟಿರುತ್ತಿದ್ದ. ಬೆಳಗ್ಗೆ ಶಾಸ್ತ್ರಕ್ಕೆ ಒಂದು ಸಲ ಕೀ ತಿರುಗಿಸುವುದು, ಸೆಲ್ಫ್ ತೆಗೆದುಕೊಳ್ಳಲಿಲ್ಲ ಅಂದರೆ ಕಲ್ಲು ಎತ್ತಿ ಹ್ಯಾಂಡ್‌ಬ್ರೇಕ್ ಇಳಿಸುವುದು. ಕಾರು ತಾನಾಗಿ ಉರುಳುತ್ತಿತ್ತು. ಅರ್ಧ ಬೀದಿ ದಾಟುವಷ್ಟರಲ್ಲಿ ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಒಮ್ಮೆ ಕೆಮ್ಮಿ ಶುರುವಾಗುತ್ತಿತ್ತು. ಟೈಲರ್ ಕಿಟಕಿಯಿಂದ ಕೈ ಹೊರಗೆ ಹಾಕಿ ನಮ್ಮೆಲ್ಲರ ಕಡೆ ಬೀಸಿ ಹೋಗುತ್ತಿದ್ದ.

ಹೀಗೆ ಒಂದು ದಿನ ಎರಡು ದಿನ ನಡೆಸಿದ್ದರೆ ಮಾತು ಬೇರೆ. ಅವನು ಅದನ್ನೇ ಬಾಳುವೆ ಮಾಡಿಕೊಂಡ. ಊರಿನ ಇಳಿಜಾರುಗಳೆಲ್ಲ ಅವನಿಗೆ ಬಾಯಿಪಾಠ. ತರಕಾರಿ ಚೆನ್ನಾಗಿರುವ ಅಂಗಡಿ ಬಿಟ್ಟು ರಸ್ತೆ ಇಳಿಜಾರಾಗಿರುವ ಅಂಗಡಿಗೆ ಹೋಗುತ್ತಿದ್ದ. ನೆಂಟರು ಊಟಕ್ಕೆ ಕರೆದರೆ, ನಿಮ್ಮ ಮನೆ ಮುಂದೆ ರಸ್ತೆ ಹೇಗಿದೆ ಅಂತ ಮೊದಲು ಕೇಳುತ್ತಿದ್ದ. ಮನೆಯವರೂ ಒಗ್ಗಿಹೋಗಿದ್ದರು. ಸೆಖೆಯಾದರೂ ಕಾರಿನಲ್ಲಿ ಫ್ಯಾನ್ ಹಾಕುವ ಹಾಗಿಲ್ಲ, ರೇಡಿಯೊ ಮುಟ್ಟುವ ಹಾಗಿಲ್ಲ. ಮೋಡ ಕವಿದ ದಿನ ಹೆಡ್‌ಲೈಟ್ ಹಾಕೋಣ ಅಂದರೂ ಅವನ ಮುಖ ಸಣ್ಣದಾಗುತ್ತಿತ್ತು. ಒಂದು ಬ್ಯಾಟರಿಯ ಮರ್ಜಿ ಕಾಯುತ್ತ ಇಡೀ ಸಂಸಾರ ಬೆವರುತ್ತ ಕೂರುತ್ತಿತ್ತು.

ಆ ಸಂಸಾರದಲ್ಲಿ ಅವನ ಅತ್ತೆಯೂ ಇದ್ದರು, ಹೆಂಡತಿಯ ತಾಯಿ. ಅವರ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಿತ್ತು. ಅಂದರೆ ಮೈಯ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಶುದ್ಧ ಮಾಡಿಸುವುದು. ಮುಗಿಸಿ ಬಂದ ಮೇಲೆ ಅವರಿಗೆ ನಿಲ್ಲಲೂ ತ್ರಾಣ ಇರುತ್ತಿರಲಿಲ್ಲ. ಕಾರು ಇಟ್ಟುಕೊಂಡಿದ್ದೇ ಹೆಚ್ಚಾಗಿ ಅವರಿಗಾಗಿ. ಇದನ್ನು ಟೈಲರನ ಪರವಾಗಿ ಹೇಳಲೇಬೇಕು. ಅತ್ತೆಯನ್ನು ಕರೆದೊಯ್ಯುವ ಕೆಲಸ ಅವನು ಒಂದು ಸಲವೂ ಇನ್ನೊಬ್ಬರಿಗೆ ವಹಿಸಿದವನಲ್ಲ.

ನಮ್ಮ ಬೀದಿಯಲ್ಲೇ ಒಬ್ಬಳು ಶಾಲೆಯ ವ್ಯಾನ್ ಓಡಿಸುತ್ತಾಳೆ. ಎಲ್ಲರಿಗೂ ಅವಳು ವ್ಯಾನಕ್ಕ. ಗಾಡಿಯ ವಿಷಯದಲ್ಲಿ ಅವಳು ಸಂಕೋಚದ ಹೆಂಗಸಲ್ಲ, ಕೇಳದಿದ್ದರೂ ಹೇಳುತ್ತಾಳೆ. ಒಂದು ದಿನ ಜಾಕೆಟ್ಟಿನ ಜಿಪ್ ಬದಲಾಯಿಸಿಕೊಳ್ಳಲು ಟೈಲರ್ ಅಂಗಡಿಗೆ ಬಂದವಳು, ಅವನು ಕಾರಿನ ಕೀ ತಿರುಗಿಸಿದಾಗ ಬಂದ ಸದ್ದು ಕೇಳಿ ಬಾಗಿಲಲ್ಲೇ ನಿಂತುಬಿಟ್ಟಳು.

“ಟೈಲರಣ್ಣ, ಬೇಜಾರು ಮಾಡ್ಕೋಬೇಡಿ. ನಿಮ್ಮ ಬ್ಯಾಟರಿ ಕೈಕೊಟ್ಟು ಬಹಳ ದಿನ ಆಗಿದೆ.”

“ಒಂದು ದಿನಾನೂ ಕೈಕೊಟ್ಟಿಲ್ಲ ವ್ಯಾನಕ್ಕ. ದಿನಾ ಗಾಡಿ ಓಡ್ತಾನೇ ಇದೆಯಲ್ಲ.”

“ಓಡಿಸ್ತಿರೋದು ಬ್ಯಾಟರಿ ಅಲ್ಲ, ರಸ್ತೆ. ರಸ್ತೆ ಎಲ್ಲ ಕಡೆ ಹೀಗೇ ಇರುತ್ತಾ?”

ಟೈಲರ್ ನಕ್ಕುಬಿಟ್ಟ. ವ್ಯಾನಕ್ಕ ನಗಲಿಲ್ಲ. ಬಾನೆಟ್ ಎತ್ತಿಸಿ ಒಳಗೆ ಬಗ್ಗಿ ನೋಡಿದಳು. ಬ್ಯಾಟರಿಯ ತಲೆಯ ಮೇಲೆ ತಂತಿ ಕೂಡುವ ಕಡೆ ಬಿಳಿಯ, ಹಸಿರು ಮಿಶ್ರಿತ ಪುಡಿ ಕಟ್ಟಿತ್ತು. ಕೆಲವು ಸಲ ಇಷ್ಟೇ ತೊಂದರೆ ಇರುತ್ತದೆ, ತಂತಿಯ ಹಿಡಿತ ಸಡಿಲವಾಗಿದ್ದರೂ ಸೆಲ್ಫ್ ಹೊಡೆಯುವುದಿಲ್ಲ, ಉಜ್ಜಿ ಬಿಗಿ ಮಾಡಿದರೆ ಸರಿಹೋಗುತ್ತದೆ ಅಂತ ಹೇಳಿದಳು. ಆದರೆ ಬ್ಯಾಟರಿಯ ಪಕ್ಕೆಯೂ ಉಬ್ಬಿತ್ತು. ಉಬ್ಬಿದ ಬ್ಯಾಟರಿಗೆ ಮದ್ದಿಲ್ಲ, ಹೊಸದು ಹಾಕಿಸುವುದೊಂದೇ ದಾರಿ ಅಂದಳು. ಕೀ ತಿರುಗಿಸಿದಾಗ ಒಳಗಿನ ದೀಪ ಮಂಕಾಗುತ್ತದೆಯೇ, ಗಡಿಯಾರದ ಹೊತ್ತು ತಪ್ಪುತ್ತದೆಯೇ, ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದೆಯೇ ಅಂತ ಒಂದೊಂದಾಗಿ ಕೇಳಿದಳು. ವಾಸನೆ ಇಲ್ಲ ಅಂದ ಟೈಲರ್. ಉಳಿದವಕ್ಕೆ ಅವನ ಹೆಂಡತಿ ಒಳಗಿನಿಂದಲೇ ಹೌದು ಹೌದು ಅಂದಳು. ಬ್ಯಾಟರಿ ಹಾಕಿಸಿ ಎಷ್ಟು ವರ್ಷವಾಯಿತು ಅನ್ನುವ ಪ್ರಶ್ನೆಗೆ ಮಾತ್ರ ಗಂಡ ಹೆಂಡತಿ ಇಬ್ಬರಿಗೂ ಉತ್ತರ ಹೊಳೆಯಲಿಲ್ಲ.

ಸಾಮಾನ್ಯವಾಗಿ ಕಾರಿನ ಬ್ಯಾಟರಿ ಮೂರರಿಂದ ಐದು ವರ್ಷ ಬಾಳುತ್ತದೆ, ಬಿಸಿಲು ಜಾಸ್ತಿ ಇರುವ ಕಡೆ ಇನ್ನೂ ಬೇಗ ಸೋಲುತ್ತದೆ ಅಂತ ವ್ಯಾನಕ್ಕ ವಿವರಿಸಿದಳು. ಹತ್ತಿರದ ಓಡಾಟವೇ ಹೆಚ್ಚಾದರೆ ಚಾರ್ಜ್ ಆಗಲು ಪುರುಸೊತ್ತೇ ಸಿಗುವುದಿಲ್ಲ. ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು. ಎಂಜಿನ್ ಆಫ್ ಆಗಿರುವ ಕಾರನ್ನು ಬೀದಿಯಲ್ಲಿ ಉರುಳಿಸಿದರೆ ಬ್ರೇಕ್ ಪೆಡಲ್ ಗಟ್ಟಿಯಾಗಿ ಸರಿಯಾಗಿ ಹಿಡಿಯುವುದಿಲ್ಲ, ಸ್ಟೀರಿಂಗ್ ಭಾರವಾಗುತ್ತದೆ, ಅಡ್ಡ ಯಾರಾದರೂ ಬಂದರೆ ನಿಲ್ಲಿಸುವುದು ಕಷ್ಟ.

ಟೈಲರನದು ಬೇರೆಯೇ ಲೆಕ್ಕಾಚಾರ. ಬ್ಯಾಟರಿ ಮಾರಲು ಕೂತವನು ನಿಮ್ಮ ಬ್ಯಾಟರಿ ಚೆನ್ನಾಗಿದೆ ಅನ್ನುತ್ತಾನೆಯೇ ಅಂತ ಅವನ ವಾದ. ನಿಮ್ಮ ಕಣ್ಣೆದುರೇ ಮೀಟರ್ ಇಟ್ಟು ತೋರಿಸುವ ಅಂಗಡಿಗೆ ಹೋಗಿ, ತೋರಿಸದಿದ್ದರೆ ಎದ್ದು ಬನ್ನಿ ಅಂದಳು ವ್ಯಾನಕ್ಕ. ಅವನು ಜಿಪ್ಪಿಗೆ ಹೊಲಿಗೆ ಹಾಕುತ್ತ ತಲೆ ಎತ್ತದೆ, “ಹಳೇದಾದ ತಕ್ಷಣ ಬಿಸಾಕಬೇಕು ಅಂದ್ರೆ, ಈ ಮನೇಲಿ ಮೊದಲು ನಾನೇ ಹೊರಗೆ ಹೋಗಬೇಕಾಗುತ್ತೆ” ಅಂದ.

“ಜೀರ್ಣವಾದ ಬಟ್ಟೆ ತಂದ್ರೆ ನೀವೇ ವಾಪಸ್ ಕಳಿಸ್ತೀರಿ. ಹೊಲಿಗೆ ನಿಲ್ಲಲ್ಲ, ಮೈಮೇಲೇ ಹರಿಯುತ್ತೆ ಅಂತೀರಿ. ಇದೂ ಅಷ್ಟೇ.”

ಮಾತು ಚುಚ್ಚಿತು, ಆದರೆ ಒಳಗೆ ಇಳಿಯಲಿಲ್ಲ. ಮುಂದಿನ ತಿಂಗಳು ನೋಡೋಣ ಅಂದ. ಮುಂದಿನ ತಿಂಗಳು ಎಂಬುದು ಟೈಲರುಗಳ ಬಾಯಲ್ಲಿ ಎಷ್ಟು ಉದ್ದವಿರುತ್ತದೆ ಅಂತ ಬಟ್ಟೆ ಕೊಟ್ಟವರಿಗೆಲ್ಲ ಗೊತ್ತು. ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಅಳಿಯನ ವಿಷಯದಲ್ಲಿ ಬಾಯಿ ಹಾಕುವವರಲ್ಲ ಅವರು.

ಆಸ್ಪತ್ರೆಯ ಪಕ್ಕದ ರಸ್ತೆ ಟೈಲರನ ಅದೃಷ್ಟಕ್ಕೆ ಇಳಿಜಾರಾಗಿತ್ತು. ಯಾವಾಗಲೂ ಅಲ್ಲೇ ಮರದ ಕೆಳಗೆ ಕಾರು ನಿಲ್ಲಿಸುತ್ತಿದ್ದ. ಆದರೆ ಒಂದು ದಿನ ಹೋದಾಗ ಪೈಪು ಹಾಕಲೆಂದು ಆ ರಸ್ತೆಯನ್ನು ಅಗೆದು ಗುಡ್ಡೆ ಹಾಕಿದ್ದರು. ಗೇಟಿನ ಕಾವಲುಗಾರ ಕಾರನ್ನು ಕಟ್ಟಡದ ಕೆಳಗಿನ ನಿಲ್ದಾಣಕ್ಕೆ ಕಳಿಸಿದ. ಬೆಳಗ್ಗೆಯಿಂದ ಮಳೆ. ದಾರಿಯುದ್ದಕ್ಕೂ ವೈಪರ್, ಹೆಡ್‌ಲೈಟ್ ಹಾಕಲೇಬೇಕಾಗಿ ಬಂದಿತ್ತು. ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿ ಟೈಲರ್ ಸುತ್ತ ನೋಡಿದ. ಕಂಬಗಳು, ಬಿಳಿ ಗೆರೆಗಳು, ಮಟ್ಟಗೋಲು ಇಟ್ಟು ಮಾಡಿದಂಥ ಸಿಮೆಂಟು ನೆಲ. ಒಂದು ಗೋಲಿ ಇಟ್ಟರೂ ಉರುಳುವ ಹಾಗಿರಲಿಲ್ಲ.

ಡಯಾಲಿಸಿಸ್ ಮುಗಿಯಿತು. ನರ್ಸು ಅತ್ತೆಯ ತೋಳಿನಲ್ಲಿ ಸೂಜಿ ತೆಗೆದ ಜಾಗಕ್ಕೆ ಹತ್ತಿ ಒತ್ತಿ ಪಟ್ಟಿ ಕಟ್ಟಿ, ಇವತ್ತು ಈ ಕೈಗೆ ಸ್ವಲ್ಪವೂ ಭಾರ ಬೀಳಬಾರದು ಅಂತ ಎಂದಿನಂತೆ ಎಚ್ಚರಿಸಿದಳು. ಟೈಲರ್ ಅವರನ್ನು ಮೆಲ್ಲಗೆ ಕೆಳಗೆ ಕರೆತಂದು ಹಿಂದಿನ ಸೀಟಿನಲ್ಲಿ ಕೂರಿಸಿ, ಶಾಲು ಹೊದಿಸಿ, ಕೀ ತಿರುಗಿಸಿದ. ಕಟ್ ಅಂತ ಒಂದು ಸದ್ದು. ಮತ್ತೆ ತಿರುಗಿಸಿದ. ಕಟ್. ಡ್ಯಾಶ್‌ಬೋರ್ಡಿನ ದೀಪಗಳು ಮಿಣುಕಿ ಆರಿದವು.

ಅತ್ತಿತ್ತ ನೋಡಿದರೆ ಯಾರೂ ಇಲ್ಲ. ಕಾವಲುಗಾರ ಮೇಲೆ ಗೇಟಿನ ಬಳಿ. ಹೋಗಿ ಕರೆಯಬಹುದಿತ್ತು. ಆದರೆ ಇಷ್ಟು ದಿನ ಕಾರು ಉರುಳಿಸಿದ ಅಭ್ಯಾಸ, ಒಂದು ಕೈ ನೋಡೋಣ ಅಂದುಕೊಂಡ. ತನ್ನ ಬಾಗಿಲು ತೆರೆದಿಟ್ಟು, ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಭುಜ ಕೊಟ್ಟು, ತಲೆ ತಗ್ಗಿಸಿ ತಳ್ಳಿದ. ಕಾರು ಒಂದು ಗೇಣು ಕದಲಿ ನಿಂತಿತು. ಮತ್ತೆ ತಳ್ಳಿದ. ಮೈಯೆಲ್ಲ ಬೆವರು, ಕಾರು ಮಾತ್ರ ಜಗ್ಗಲಿಲ್ಲ. ಮೂರನೇ ಸಲಕ್ಕೆ ಅದೇನಾಯಿತೋ, ಇದ್ದಕ್ಕಿದ್ದಂತೆ ಕಾರು ಹಗುರವಾಯಿತು. ಚಕ್ರಗಳು ಉರುಳಿದವು, ವೇಗ ಬಂತು. ಟೈಲರನಿಗೆ ತನ್ನ ಬಲದ ಬಗ್ಗೆ ಹೆಮ್ಮೆಯೇ ಆಯಿತು. ಟಣ್ಣನೆ ಹಾರಿ ಕೂತು, ಎರಡನೇ ಗೇರು ಹಾಕಿ ಕ್ಲಚ್ ಬಿಟ್ಟ. ಎಂಜಿನ್ ಕೆಮ್ಮಿ ಶುರುವಾಯಿತು.

ನೋಡಿ ಅತ್ತೆ ಅಂತ ಹೇಳಲು ಹಿಂದಕ್ಕೆ ತಿರುಗಿದ. ಸೀಟಿನ ಮೇಲೆ ಶಾಲು ಮಾತ್ರ ಇತ್ತು.

ಕನ್ನಡಿಯಲ್ಲಿ ನೋಡಿದಾಗ ಅವರು ಕಾರಿನ ಹಿಂದೆ, ಸ್ವಲ್ಪ ದೂರದಲ್ಲಿ, ಕಂಬಕ್ಕೆ ಒರಗಿ ನಿಂತಿದ್ದರು. ತೋಳಿನ ಬಿಳಿ ಪಟ್ಟಿ ಕೆಂಪಾಗುತ್ತಿತ್ತು. ಅವನು ಕ್ಲಚ್, ಬ್ರೇಕ್ ಒತ್ತಿ ಕಾರು ನಿಲ್ಲಿಸಿ, ಗೇರು ತೆಗೆಯದೆ ಕಾಲೆತ್ತಿ ಇಳಿದು ಓಡಿದ. ಕಾರು ಒಂದು ಸಲ ಜಿಗಿದು ಮತ್ತೆ ಸತ್ತುಹೋಯಿತು. ಅವನು ಹಿಂತಿರುಗಿ ಕೂಡ ನೋಡಲಿಲ್ಲ.

“ನೀವೊಬ್ರೇ ಎಷ್ಟೂಂತ ತಳ್ತೀರಿ ಅಳಿಯಂದ್ರೇ” ಅಂದರು ಅತ್ತೆ. ಅಷ್ಟು ಹೇಳಿ ಅವರಿಗೆ ಕಣ್ಣು ಕತ್ತಲೆ ಬಂತು.

ಟೈಲರ್ ಅವರ ತೋಳನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೂಗಿದ ಕೂಗಿಗೆ ಮೇಲಿನ ಕಾವಲುಗಾರ ಗಾಲಿಕುರ್ಚಿಯ ಸಮೇತ ಬಂದ. ವಾರ್ಡಿನಲ್ಲಿ ನರ್ಸು ಬಹಳ ಹೊತ್ತು ಒತ್ತಿ ಹಿಡಿದ ಮೇಲೆ ರಕ್ತ ನಿಂತಿತು. ಜೀವಕ್ಕೆ ಅಪಾಯವಾಗಲಿಲ್ಲ. ಇನ್ನೊಂದಷ್ಟು ಹೊತ್ತು ಆ ನೆಲಮಾಳಿಗೆಯಲ್ಲೇ ಇದ್ದಿದ್ದರೆ ಆಗುತ್ತಿತ್ತು ಅಂತ ನರ್ಸು ಮುಚ್ಚುಮರೆಯಿಲ್ಲದೆ ಹೇಳಿದಳು. ಟೈಲರ್ ಗೋಡೆಗೆ ಮುಖ ಮಾಡಿ ಅತ್ತ. ಹೆಂಡತಿಗೆ ಫೋನ್ ಮಾಡಿದ, ಆಮೇಲೆ ವ್ಯಾನಕ್ಕನಿಗೆ.

ಮಕ್ಕಳನ್ನು ಶಾಲೆಗೆ ಬಿಟ್ಟು ಬಂದಿದ್ದ ವ್ಯಾನಕ್ಕ ಅವನ ಹೆಂಡತಿಯನ್ನೂ ಕೂರಿಸಿಕೊಂಡು ಬಂದಳು. ನಾನು ಹೇಳಿರಲಿಲ್ಲವೇ ಅಂತ ಅವಳು ಕೇಳಬಹುದಿತ್ತು. ಕೇಳಲಿಲ್ಲ, ಅದು ಅವಳ ದೊಡ್ಡತನ. ಅಮ್ಮ ಮಗಳನ್ನು ವ್ಯಾನಿನಲ್ಲಿ ಮನೆಗೆ ಬಿಟ್ಟು, ಒಬ್ಬ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದುಕೊಂಡು ಮತ್ತೆ ಆಸ್ಪತ್ರೆಗೆ ಬಂದಳು. ಅವನು ಬೇರೆ ಬ್ಯಾಟರಿಯಿಂದ ಚಾರ್ಜ್ ಕೊಟ್ಟು ಕಾರು ಶುರು ಮಾಡಲು ಬಗ್ಗಿದವನು, ಉಬ್ಬಿದ ಪಕ್ಕೆ ಕಂಡು ಕೈ ಹಿಂದಕ್ಕೆ ತೆಗೆದುಕೊಂಡ. ಇದಕ್ಕೆ ಚಾರ್ಜ್ ಕೊಡಲು ಹೋದರೆ ಸಿಡಿದು ಆಸಿಡ್ ಮುಖಕ್ಕೆ ಹಾರಬಹುದು ಅಂದ. ಅಲ್ಲೇ ಅದನ್ನು ಬಿಚ್ಚಿ, ವ್ಯಾನಿನಲ್ಲಿ ನೆಟ್ಟಗೆ ನಿಲ್ಲಿಸಿ, ಬ್ಯಾಟರಿ ಅಂಗಡಿಗೆ ಒಯ್ದರು.

ಅಂಗಡಿಯವನು ಟೈಲರನ ಎದುರೇ ಮೀಟರ್ ಇಟ್ಟ. ಚೆನ್ನಾಗಿರುವ ಬ್ಯಾಟರಿ ಸುಮ್ಮನೆ ಇದ್ದಾಗ ಹನ್ನೆರಡೂವರೆ ವೋಲ್ಟಿಗಿಂತ ಸ್ವಲ್ಪ ಮೇಲೆ ತೋರಿಸಬೇಕು. ಇದು ಅದರ ಹತ್ತಿರಕ್ಕೂ ಬರಲಿಲ್ಲ. ಪಕ್ಕದಲ್ಲಿದ್ದ ಹೊಸದಕ್ಕೆ ಮೀಟರ್ ಇಟ್ಟು ಅದನ್ನೂ ತೋರಿಸಿದ. ಟೈಲರ್ ಜೇಬಿನಿಂದ ದುಡ್ಡು ತೆಗೆದ. ಹೊಸ ಬ್ಯಾಟರಿ ಕಾರಿಗೆ ಕೂತ ಮೇಲೆ ಎಂಜಿನ್ ಓಡುತ್ತಿರುವಾಗ ಮೆಕ್ಯಾನಿಕ್ ಇನ್ನೊಮ್ಮೆ ಮೀಟರ್ ಹಿಡಿದ. ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ಕೆಟ್ಟಿದ್ದರೆ ಹೊಸದೂ ಕೆಲವೇ ದಿನದಲ್ಲಿ ಮಲಗುತ್ತದೆ, ಅದಕ್ಕೇ ಈ ಪರೀಕ್ಷೆ. ಅದು ಸರಿಯಾಗಿತ್ತು. ಹಳೆಯ ಬ್ಯಾಟರಿಯನ್ನು ಅಂಗಡಿಯವನೇ ಇಟ್ಟುಕೊಂಡ. ಅದರೊಳಗೆ ಸೀಸ, ಆಸಿಡ್ ಇರುತ್ತವೆ, ಕಸದ ಗುಂಡಿಗೆ ಹಾಕುವ ವಸ್ತುವಲ್ಲ. ಹೊಸದರ ಮೇಲೆ ಹಾಕಿಸಿದ ತಿಂಗಳು, ವರ್ಷವನ್ನು ಟೈಲರ್ ತನ್ನ ಬಟ್ಟೆ ಗುರುತು ಹಾಕುವ ಬಣ್ಣದಿಂದ ದಪ್ಪಗೆ ಬರೆದ.

ಸಂಜೆ ಆ ಒಡೆದ ಹೂಕುಂಡ ನಮ್ಮ ಬೀದಿಯಿಂದ ಕಾಣೆಯಾಯಿತು. ಕಾರು ಬೀದಿಯ ಕೆಳಗಿನ ಸಮತಟ್ಟು ಜಾಗದಲ್ಲಿ ನಿಂತಿತ್ತು.

ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ನಾವು ಕೆಲವರು ಅಲ್ಲೇ ನಿಂತು ನೋಡುತ್ತಿದ್ದೆವು. ಅತ್ತೆ ಹಿಂದಿನ ಸೀಟಿನಲ್ಲಿ ಕೂತರು. ಟೈಲರ್ ಕೀಗೆ ಕೈ ಹಾಕಿದ ಕೂಡಲೇ ಅವರ ಕೈ ಬಾಗಿಲಿನ ಹಿಡಿಯ ಮೇಲೆ ಹೋಯಿತು. ಗಾಡಿ ಶುರುವಾಗದಿದ್ದರೆ ಇಳಿಯಬೇಕಲ್ಲ ಅಂತ. ಅವರಿಗೆ ಅದು ಎಷ್ಟು ದಿನದಿಂದ ಅಭ್ಯಾಸವಾಗಿತ್ತೋ ಯಾರಿಗೂ ಗೊತ್ತಿರಲಿಲ್ಲ. ಟೈಲರ್ ಅದನ್ನು ಕನ್ನಡಿಯಲ್ಲಿ ನೋಡಿದ. ಕೀ ತಿರುಗಿಸಿದ. ಒಂದೇ ಸಲಕ್ಕೆ ಎಂಜಿನ್ ಶುರುವಾಯಿತು.

“ಕೈ ತೆಗೀರಿ ಅತ್ತೆ. ಇನ್ಮೇಲೆ ನೀವು ಇಳಿಯೋದು ಮನೆ ಮುಂದೆ ಮಾತ್ರ” ಅಂದ. ಅತ್ತೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು.

ಇದನ್ನು ಓದುತ್ತಿರುವ ನೀವು ನಾಳೆ ಬೆಳಗ್ಗೆ ಒಂದು ಕೆಲಸ ಮಾಡಿ. ರೇಡಿಯೊ ಆರಿಸಿ, ಮಾತು ನಿಲ್ಲಿಸಿ, ನಿಮ್ಮ ಕಾರಿನ ಕೀ ತಿರುಗಿಸಿ ಆ ಸದ್ದನ್ನು ಕಿವಿಗೊಟ್ಟು ಕೇಳಿ. ಮೊದಲಿಗಿಂತ ನಿಧಾನವಾಗಿದ್ದರೆ, ದೀಪ ಮಂಕಾದರೆ, ಬ್ಯಾಟರಿ ಉಬ್ಬಿದ್ದರೆ, ಅದನ್ನು ಹಾಕಿಸಿದ ವರ್ಷ ನೆನಪಿಗೇ ಬಾರದಿದ್ದರೆ, ಅವತ್ತೇ ಪರೀಕ್ಷೆ ಮಾಡಿಸಿ. ಮೂರು ವರ್ಷ ದಾಟಿದ ಬ್ಯಾಟರಿಯನ್ನು ಆಗಾಗ ಮೀಟರಿಗೆ ತೋರಿಸುತ್ತಿರಿ. ಸೋತಿದೆ ಎಂದು ಗೊತ್ತಾದ ಮೇಲೆ ಮುಂದಿನ ತಿಂಗಳು ಅನ್ನಬೇಡಿ. ಅಷ್ಟಕ್ಕೂ ಮನಸ್ಸು ಬಾರದಿದ್ದರೆ, ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ ಅಂತ ಒಂದು ಸಲ ತಿರುಗಿ ನೋಡಿ. ಗಾಡಿ ನಿಂತ ದಿನ ಇಳಿದು ತಳ್ಳುವವರು ಅವರೇ.