ಕಲಶಕ್ಕೆ ಕೂತ ಬಚ್ಚಲ ಚೊಂಬು

ನಾನು ಒಂದು ಸ್ಟೀಲ್ ಚೊಂಬು. ತುಮಕೂರಿನ ಪಾತ್ರೆ ಅಂಗಡಿಯಲ್ಲಿ ನಾನೂ ನನ್ನ ತಮ್ಮನೂ ಅಕ್ಕಪಕ್ಕ ಕೂತಿದ್ದೆವು. ಒಂದೇ ಕಾರ್ಖಾನೆ, ಒಂದೇ ಅಚ್ಚು; ನಮ್ಮನ್ನು ಹೆತ್ತ ಯಂತ್ರಕ್ಕೂ ಯಾರು ಯಾರೆಂದು ಹೇಳಲು ಬರುತ್ತಿರಲಿಲ್ಲ. ಶಾಂಭವಿಯ ಅಮ್ಮ ಬಂದು ಇಬ್ಬರನ್ನೂ ಕೊಂಡರು. ಮಗಳು ಗಂಡ ಉಮಾಕಾಂತನ ಜೊತೆ ಪೋಲೆಂಡಿಗೆ ಹೊರಟಿದ್ದಳು.

"ಇದು ವರಮಹಾಲಕ್ಷ್ಮಿ ಕಲಶಕ್ಕೆ ಕಣೇ," ಎಂದು ತಮ್ಮನ ಕುತ್ತಿಗೆಗೆ ಅರಿಶಿನದ ದಾರ ಕಟ್ಟಿದರು. ನನ್ನನ್ನು ಅಳಿಯನ ಕೈಗೆ ಕೊಟ್ಟು, "ಅಲ್ಲಿ ಕಕ್ಕಸಿನಲ್ಲಿ ನೀರಿಲ್ವಂತೆ ಅಳಿಯಂದ್ರೇ, ಬರೀ ಕಾಗದವಂತೆ. ನಿಮಗಿದು ಬೇಕಾಗುತ್ತೆ," ಎಂದರು. ನನ್ನ ಹಣೆಬರಹ ಅಲ್ಲಿಗೆ ತೀರ್ಮಾನವಾಯಿತು.

ಆ ದೇಶದ ಬಚ್ಚಲಿನಲ್ಲಿ ನೆಲಕ್ಕೆ ಚೆಲ್ಲಿದ ನೀರು ಹೋಗಲು ದಾರಿಯೇ ಇಲ್ಲ, ನೋಡಿ! ಉಮಾಕಾಂತ ಕೊಂಚ ಧಾರಾಳವಾಗಿ ನನ್ನನ್ನು ಬಗ್ಗಿಸಿದರೆ ಕೆಳಗಿನ ಮನೆಯ ಅಜ್ಜಿ ಪೊರಕೆ ಕೋಲಿನಿಂದ ತನ್ನ ಸೂರನ್ನು ಕುಟ್ಟುವಳು. ಪಾಪ, ಆ ಮಹಾರಾಯ ಉಸಿರು ಬಿಗಿಹಿಡಿದು ತೊಟ್ಟು ತೊಟ್ಟಾಗಿ ನೀರು ಬಳಸುವುದನ್ನು ಕಲಿತ. ಅಂಥ ತಾಳ್ಮೆ ಯಾವ ಋಷಿಗೂ ಇರಲಿಲ್ಲ ಬಿಡಿ.

ಶಾಂಭವಿಗೆ ಮಾತ್ರ ಏನೂ ಒಗ್ಗಲಿಲ್ಲ. ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಉಳಿಯುತ್ತಿತ್ತು. ಯಾರ ಜೊತೆಗಾದರೂ ಮಾತಾಡೋಣವೆಂದರೆ ಭಾಷೆ ಬಾರದು. ಬಚ್ಚಲಿಗೆ ಬಂದು, ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಕೇಳಿಸಿಕೊಳ್ಳಲು ಅಲ್ಲಿ ನಾನೊಬ್ಬನೇ.

"ರೀ, ಹಬ್ಬ ಒಂದು ಸರಿಯಾಗಿ ನಡೆದ್ರೆ ಇರ್ತೀನಿ. ಅದಕ್ಕೂ ವಿಘ್ನ ಬಂದ್ರೆ ಊರಿಗೆ ಹೊರಟೆ, ಅಷ್ಟೆ," ಎಂದಳು.

ಹಬ್ಬದ ಬೆಳಿಗ್ಗೆ ಉಮಾಕಾಂತನಿಗೆ ಹೆಂಡತಿಗೆ ನೆರವಾಗುವ ಉತ್ಸಾಹ ಉಕ್ಕಿತು. ತಮ್ಮನ ದಾರ ಬಿಚ್ಚಿ ಜೇಬಿಗಿಟ್ಟುಕೊಂಡು, ಪಾತ್ರೆ ತೊಳೆಯುವ ಯಂತ್ರದೊಳಗೆ ಅವನನ್ನು ಕೂರಿಸಿದ. ಹಬ್ಬವಲ್ಲವೇ, ಎಲ್ಲವೂ ಫಳಫಳ ಎನ್ನಲಿ ಎಂದು ಬಚ್ಚಲಿನಿಂದ ನನ್ನನ್ನೂ ತಂದು ಪಕ್ಕದಲ್ಲೇ ಇಟ್ಟ!

ಸ್ನಾನ ಮುಗಿಸಿ ಬಂದ ಶಾಂಭವಿ ಯಂತ್ರದ ಬಾಗಿಲು ತೆಗೆದಳು.

"ಇದ್ಯಾಕ್ರೀ ಎರಡು? ಕಲಶದ್ದು ಯಾವ್ದು?"

"ಬಲಗಡೇದು. ಅಲ್ಲ... ತಾಳು, ತಾಳು..."

"ಅಯ್ಯೋ ನಿಮ್ಮ! ಎರಡನ್ನೂ ಒಟ್ಟಿಗೆ ಹಾಕಿದ್ರಾ?"

ಆ ಊರಿನಲ್ಲಿ ಬೇರೆ ಚೊಂಬು ಎಲ್ಲಿ ಸಿಗಬೇಕು? ಅವಳು ನೆಲದ ಮೇಲೆ ಕುಕ್ಕರಿಸಿದಳು. ಉಮಾಕಾಂತ ಮೆಲ್ಲಗೆ ಅವಳ ಸೂಟ್‌ಕೇಸಿನ ಕಡೆ ನೋಡಿದ.

ಕೊನೆಗೆ ಶಾಂಭವಿ ಎದ್ದು, ನಮ್ಮಿಬ್ಬರಿಗೂ ಹುಣಸೇಹಣ್ಣು ಹಚ್ಚಿ ತಿಕ್ಕಿದಳು. ಮುಂದಿಟ್ಟುಕೊಂಡು ಕಣ್ಣು ಮುಚ್ಚಿದಳು. "ತಾಯೀ, ಇಲ್ಲಿ ನಮ್ಮ ಪಾಡು ನಿನಗೇ ಗೊತ್ತು. ಯಾವುದು ಬೇಕೋ ನೀನೇ ಆರಿಸ್ಕೋ," ಎಂದು ಕೈ ಚಾಚಿದಳು.

ಅಮ್ಮಾ ಮಹಾತಾಯಿ, ನಾನಲ್ಲ, ಅವನು! ಎಂದು ಕೂಗಿಕೊಂಡೆ. ಚೊಂಬಿನ ಕೂಗು ಯಾರಿಗೆ ಕೇಳುತ್ತದೆ? ಅವಳ ಕೈ ನನ್ನ ಮೇಲೆಯೇ ಬಿತ್ತು.

ನನ್ನೊಳಗೆ ಅಕ್ಕಿ ತುಂಬಿದಳು. ಮಾವಿನೆಲೆ ಸಿಗದೆ ಯಾವುದೋ ಎಲೆ ಸಿಕ್ಕಿಸಿ, ತೆಂಗಿನಕಾಯಿ ಕೂರಿಸಿ, ಸೀರೆ ಉಡಿಸಿದಳು. ಆರತಿ ಎತ್ತುವಾಗ ಅವಳ ಕಣ್ಣು ತುಂಬಿತ್ತು. "ಇಷ್ಟು ದೂರಾನೂ ಬಂದ್ಯಲ್ಲಮ್ಮಾ," ಎಂದಳು. ಬಚ್ಚಲಿನಲ್ಲಿ ಕೇಳಿದ್ದ ಅಳುವಲ್ಲ ಅದು. ನಾನು ಅಲುಗಾಡದೆ ಕೂತೆ.

ಶಾಂಭವಿ ಊರಿಗೆ ಹೊರಡಲಿಲ್ಲ. ಬಚ್ಚಲು ತಮ್ಮನ ಪಾಲಿಗೆ ಬಂತು. ಈಗ ನನಗೆ ವಯಸ್ಸಾಗಿದೆ. ದೇವರ ಗೂಡಿನ ಮೂಲೆಯಲ್ಲಿ ರೇಷ್ಮೆ ಬಟ್ಟೆ ಸುತ್ತಿಕೊಂಡು ಮಲಗಿರುತ್ತೇನೆ. ಮೊದಮೊದಲು ತಮ್ಮನನ್ನು ನೆನೆದರೆ ನಾಚಿಕೆಯಾಗುತ್ತಿತ್ತು. ಈಗ ಇಲ್ಲ. ನನಗೆ ವರ್ಷಕ್ಕೊಮ್ಮೆ ಕೈ ಮುಗಿದು ಮರೆತುಬಿಡುತ್ತಾರೆ. ಅವನು ಒಂದು ಬೆಳಿಗ್ಗೆ ಜಾಗದಲ್ಲಿ ಕಾಣದಿದ್ದರೆ ಸಾಕು, ಉಮಾಕಾಂತ ಬಚ್ಚಲಿನಿಂದ "ತಾಯೀ, ಕಾಪಾಡೇ!" ಎಂದು ಮನೆಯೇ ನಡುಗುವಂತೆ ಕೂಗುತ್ತಾನೆ. ಅಷ್ಟು ಭಕ್ತಿಯಿಂದ ಈ ಮನೆಯಲ್ಲಿ ನನ್ನನ್ನು ಯಾರೂ ಕರೆದಿಲ್ಲ.