ಶೆಡ್ಡಿನೊಳಗಿನ ಮಂಜು

ಉಕ್ಕಿನ ಬಿಸಿ ಚೂರು ಹಮೀದನ ಕತ್ತಿಗೆ ಸಿಡಿದು ಚುರ್ ಅಂದದ್ದು ಅವತ್ತಿಗೆ ನಾಲ್ಕನೇ ಸಲ. ಮದ್ದೂರಿನಾಚೆ ಹೆದ್ದಾರಿ ಪಕ್ಕದ ಆ ಶೆಡ್ಡಿನಲ್ಲಿ ಲೋಹ ತಿರುಗಿಸಿ ಕಡೆಯುವ ಎಂಟು ಲೇತುಗಳಿದ್ದವು. ಲೋಹ ಕೊರೆಯುವಾಗ ಟೂಲು ತಣ್ಣಗಿರಲು ಕೂಲೆಂಟ್ ಹರಿಸುವ ಪಂಪುಗಳೆಲ್ಲ ಕೆಟ್ಟಿದ್ದವು. "ನೋಡೋಣ ಬಿಡ್ರಿ" ಅನ್ನುವುದೇ ಓನರ್ ರಘುನಂದನ್ ಮಾತು.

ಹಮೀದ್ ತಾನೇ ಉಪಾಯ ಮಾಡಿದ. ಹಳೇ ಫ್ರಿಜ್ಜಿನ ತಾಮ್ರದ ಪೈಪು, ಒಂದು ಪ್ಲಾಸ್ಟಿಕ್ ಡಬ್ಬ, ಕಂಪ್ರೆಸರಿನ ಗಾಳಿ. ಕೂಲೆಂಟ್ ಹನಿಹನಿಯಾಗಿ ಗಾಳಿಗೆ ಸೇರಿ ಮಂಜಾಗಿ ಟೂಲಿನ ತುದಿಗೆ ಬಡಿಯಿತು. ಟೂಲು ಕಾಯಲಿಲ್ಲ.

ಪಕ್ಕದ ಲೇತಿನ ಸುನಿತಾ ಹೊಳಲು ಊರಿನವಳು. ಕೈಯೊಡ್ಡಿ ನೋಡಿ ನಕ್ಕಳು.

"ಅಮೀದಣ್ಣ, ನನ್ ಮಿಸನ್ನಿಗೂ ಒಂದ್ ಮಾಡ್ಕೊಡಣ್ಣ."

ರಘುನಂದನ್ ಎಂಟಕ್ಕೂ ಮಾಡಿಸಿದ. ಆಮೇಲೆ ಕೆಲಸದ ವೇಗ ಏರಿಸಿದ. ಕೂಲೆಂಟ್ ಮುಗಿದಾಗ ಗುಜರಿಯಿಂದ ಕಪ್ಪು ಎಣ್ಣೆಯ ಬ್ಯಾರೆಲ್ ತರಿಸಿದ. ಗಾಡಿಗಳಿಂದ ಇಳಿಸಿದ ಹಳೇ ಎಂಜಿನ್ ಆಯಿಲ್ಲು. ಸೀಮೆಎಣ್ಣೆ ಬೆರೆಸಿ ತೆಳು ಮಾಡಿಸಿದ.

"ಇದ ಆಕ್ಬಾರ್ದು ಸಾರ್" ಅಂದ ಹಮೀದ್. "ಎಲ್ಲಾರ್ ಎದೆವೊಳಿಕ್ಕೂ ಓಯ್ತದೆ. ಗಾಳಿ ಎಳ್ಯೋ ಫ್ಯಾನಾದ್ರೂ ಆಕ್ಸಿ."

"ಮಾಡಿದವನು ನೀನು. ಈಗ ನೀನೇ ಬೇಡ ಅಂತೀಯಾ?"

ದಿನೇ ದಿನೇ ಶೆಡ್ಡು ಮಸುಕಾಯಿತು. ಹಗಲಲ್ಲೂ ಆ ತುದಿಯ ಲೇತು ಈ ತುದಿಗೆ ಕಾಣುತ್ತಿರಲಿಲ್ಲ. ಬುತ್ತಿ ಬಿಚ್ಚಿದರೆ ಅನ್ನವೂ ಎಣ್ಣೆ ನಾರುತ್ತಿತ್ತು. ಸುನಿತಾಳ ಆಚೆ ಬದಿಯ ಲೇತಿನ ಚಲುವರಾಜು ಉಗಿದರೆ ಕಫ ಕಪ್ಪಗಿರುತ್ತಿತ್ತು. ಮೊದಲು ಮಾತಾಡುತ್ತ ಕೆಲಸ ಮಾಡುತ್ತಿದ್ದವರು ಈಗ ಬರೀ ಕೆಮ್ಮುತ್ತಿದ್ದರು. ಹಮೀದ್ ಮಂಜು ಬಿಡುವ ವಾಲ್ವುಗಳನ್ನು ತಗ್ಗಿಸಿದ. ಮಾರನೆಯ ದಿನ ರಘುನಂದನ್ ಅವನ್ನೆಲ್ಲ ಪೂರ್ತಿ ತೆರೆಸಿ, ಯಾರೂ ತಿರುಗಿಸದಂತೆ ತಂತಿ ಬಿಗಿಸಿದ್ದ.

"ಎದೆವೊಳ್ಗೆ ಯಾರೋ ಕೆರ್ದಂಗಾಯ್ತದೆ ಕಣಣ್ಣ" ಅಂದಳು ಸುನಿತಾ. ಎರಡು ದಿನಕ್ಕೆ ಲೇತಿನ ಮುಂದೆಯೇ ಕುಸಿದಳು. ತಿರುಗುವ ಕಬ್ಬಿಣಕ್ಕೆ ಅವಳ ತಲೆ ಗೇಣು ದೂರದಲ್ಲಿತ್ತು. ಚಲುವರಾಜು ಎಳೆದುಕೊಂಡ. ಮಂಡ್ಯದ ಡಾಕ್ಟರು ಎದೆಯ ಎಕ್ಸ್‌ರೇ ನೋಡಿ ಕೇಳಿದ್ದು ಒಂದೇ ಮಾತು: "ಈಯಮ್ಮ ಎಲ್ಲಿ ಕೆಲಸ ಮಾಡೋದು?"

ಮರುದಿನ ಬೆಳಿಗ್ಗೆ ರಘುನಂದನ್ ಹಮೀದನನ್ನು ಕರೆದು ಒಂದು ಕಾಗದ ಚಾಚಿದ. 'ಮಂಜಿನ ಸಾಧನವನ್ನು ಮಾಲೀಕರಿಗೆ ತಿಳಿಸದೆ ನಾನೇ ಅಳವಡಿಸಿರುತ್ತೇನೆ' ಎಂದು ಟೈಪಾಗಿತ್ತು.

"ರುಜು ಹಾಕು. ನಿನ್ನ ಕೆಲಸ ಉಳಿಯುತ್ತೆ."

ಹಮೀದ್ ಎರಡು ಸಲ ಓದಿದ. ಮಾಡಿದ್ದು ತಾನೇ; ಅವತ್ತು ಸುನಿತಾ ನಕ್ಕದ್ದು ಕಣ್ಣ ಮುಂದೆ ಬಂತು. 'ಮಾಲೀಕರಿಗೆ ತಿಳಿಸದೆ' ಎಂಬುದನ್ನು ಹೊಡೆದುಹಾಕಿ ಕೆಳಗೆ ಬರೆದ: 'ಮಾಡಿದವನು ನಾನು. ಕೊಳಕು ಎಣ್ಣೆ ತರಿಸಿದವರು ಮಾಲೀಕರು. ಫ್ಯಾನ್ ಕೇಳಿದೆ, ಹಾಕಿಸಲಿಲ್ಲ.' ರುಜು ಹಾಕಿ, ಕಾಗದ ಹಿಡಿದೇ ಶೆಡ್ಡಿಗೆ ಬಂದು ಕಂಪ್ರೆಸರ್ ಆರಿಸಿದ. ಎಲ್ಲರಿಗೂ ಕೇಳುವಂತೆ ಓದಿದ.

ಚಲುವರಾಜು ಪೆನ್ನು ಕಿತ್ತುಕೊಂಡು ರುಜು ಹಾಕಿದ. ಉಳಿದವರೂ ಹಾಕಿದರು. ಕಸ ಗುಡಿಸುವ ಸೋಮಮ್ಮ ಪೊರಕೆ ಬಿಟ್ಟು ಬಂದಳು.

"ನಂಗೆ ಬರಿಯಾಕ್ ಬರಾಕಿಲ್ಲ ಕಣಪ್ಪ. ಎಲ್ ಒತ್ಲಿ?"

ಕೆನ್ನೆಯ ಮೇಲಿನ ಎಣ್ಣೆಗಪ್ಪನ್ನು ಹೆಬ್ಬೆಟ್ಟಿಗೆ ತೀಡಿಕೊಂಡು ಒತ್ತಿದಳು.

"ಇದು ಲೇಬರ್ ಆಫೀಸಿಗೆ ಓಯ್ತದೆ" ಅಂದ ಹಮೀದ್. "ನಡೀರಿ."

ರಘುನಂದನ್ ಓಡಿ ಬಂದ. "ಮಾದಯ್ಯ, ಗೇಟಿಗೆ ಬೀಗ ಹಾಕೋ! ಒಬ್ಬನನ್ನೂ ಬಿಡಬೇಡ!"

ಕಾವಲಿನ ಮುದುಕ ಮಾದಯ್ಯ ಬೀಗ ಹಿಡಿದು ನಿಂತ. ಕೆಮ್ಮು ಒತ್ತರಿಸಿ ಬಂತು. ಬಗ್ಗಿ ಕೆಮ್ಮಿ, ಬಾಯಿ ಒರೆಸಿಕೊಂಡು, ಹಮೀದನ ಕಡೆ ತಿರುಗಿದ.

"ಕಾಗ್ದದಲ್ಲಿ ಇನ್ನೂ ಜಾಗ ಅದೇನ್ಲಾ?"