ಜೀವಿಬೆನ್ ಎಮ್ಮೆಯ ಎಡ ಮಗ್ಗುಲು

ರಾಕೆಟ್ಟಿನ ಮೂತಿಗೆ ಹೊದಿಸುವ ಅಲ್ಯುಮಿನಿಯಂ ತಗಡನ್ನು ಬಾಗಿಸುವುದು ಲಿಂಗರಾಜನ ಕೆಲಸ. ಊರು ಗದಗ, ಅಹಮದಾಬಾದಿಗೆ ಬಂದಿದ್ದು ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ. ಅವನ ಯಂತ್ರಕ್ಕೆ ಎರಡು ದವಡೆ. ತಗಡಿನ ಎರಡೂ ಅಂಚನ್ನು ಅವು ಕಚ್ಚಿ ಹಿಡಿದು, ಉಬ್ಬಿದ ಮರದ ಅಚ್ಚಿನ ಮೇಲೆ ಬಿಗಿಯಾಗಿ ಎಳೆದರೆ ಸಾಕು, ತಗಡು ಅಚ್ಚಿನ ಮೈಯನ್ನೇ ತನ್ನದಾಗಿಸಿಕೊಳ್ಳುತ್ತಿತ್ತು. ಬಿಟ್ಟ ಮೇಲೂ ಆ ಬಾಗು ಹೋಗುತ್ತಿರಲಿಲ್ಲ.

ದೆಹಲಿಯಿಂದ ದೊಡ್ಡ ಸಾಹೇಬರು ಪಟ್ಟಾಭಿರಾಮರು ತಪಾಸಣೆಗೆ ಬರುವುದು ಗೊತ್ತಾಗಿತ್ತು. ಅಷ್ಟರಲ್ಲೇ ಆ ಮರದ ಅಚ್ಚು ಬಿಸಿಲಿನ ಝಳಕ್ಕೆ ಪಟ್ಟೆಂದು ಸೀಳಿಹೋಯಿತು. ಹೊಸದನ್ನು ಕೆತ್ತಿಕೊಡಲು ವಡೋದರಾದ ಬಡಗಿ ಎರಡು ತಿಂಗಳು ಬೇಕೆಂದ. ಲಿಂಗರಾಜನಿಗೆ ಊಟ ಸೇರದಾಯಿತು. ಬಾಗಿನ ಅಳತೆಗೆ ಕತ್ತರಿಸಿದ ಪ್ಲೈವುಡ್ ಹಲಗೆಯನ್ನು ಬಗಲಲ್ಲಿಟ್ಟುಕೊಂಡು, ಅದಕ್ಕೆ ಹೊಂದುವ ಯಾವುದಾದರೂ ಉಬ್ಬನ್ನು ಹುಡುಕುತ್ತ ಅಲೆದ. ಕುಂಬಾರನ ಮಡಕೆಗೆ ಹಿಡಿದ, ಮದುವೆಮನೆಯ ಕಡಾಯಿಗೆ ಹಿಡಿದ. ಮಾಣೆಕ್ ಚೌಕದ ಅಂಗಡಿಯಲ್ಲಿ ಗಾದಿಯ ಮೇಲೆ ನಿದ್ದೆಹೋಗಿದ್ದ ಸೇಠರ ಹೊಟ್ಟೆಗೂ ಹಿಡಿದು ಬೈಸಿಕೊಂಡ. ಹೊಟ್ಟೆ ಸ್ವಲ್ಪ ಹೆಚ್ಚೇ ಆಗಿತ್ತು.

ಕೊನೆಗೆ ಅದು ಸಿಕ್ಕಿದ್ದು ವಸ್ತ್ರಾಪುರದ ಕೆರೆಯ ದಂಡೆಯಲ್ಲಿ. ಹಾಲು ಮಾರುವ ಜೀವಿಬೆನ್ ಎಂಬಾಕೆಯ ಎಮ್ಮೆ ಮೆಲುಕು ಹಾಕುತ್ತ ನಿಂತಿತ್ತು. ಹೆಂಡತಿಯ ಜೊತೆ ಹಾಲಿಗೆ ಹೋದ ಲಿಂಗರಾಜ ಸುಮ್ಮನೆ ಅದರ ಎಡ ಮಗ್ಗುಲಿಗೆ ಹಲಗೆ ಹಿಡಿದ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು!

“ರೀ, ಮಂದಿ ನೋಡಾಕತ್ತಾರ,” ಎಂದಳು ಕಮಲಾಕ್ಷಿ. “ಎಮ್ಮಿಗೆ ಅಂಗಿ ಹೊಲಿಸ್ತೀರೇನು?”

ಹಾಲು ಬೇಕೋ ಎಮ್ಮೆಯೇ ಬೇಕೋ ಎಂದು ಜೀವಿಬೆನ್ ಕೇಳಿದಳು. “ಸಿರ್ಫ್ ಪೇಟ್, ಬೆನ್!” ಹೊಟ್ಟೆಯೊಂದೇ ಸಾಕು ಎಂದು ಲಿಂಗರಾಜ ತನ್ನ ಗದಗಿನ ಹಿಂದಿಯಲ್ಲಿ ಬೇಡಿಕೊಂಡ.

ಮರುದಿನ ಎಮ್ಮೆಯ ಮಗ್ಗುಲಿಗೆ ಎಣ್ಣೆ ಸವರಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ದಪ್ಪಗೆ ಮೆತ್ತಿದ. ತಣ್ಣನೆಯ ಲೇಪಕ್ಕೆ ಎಮ್ಮೆ ಸುಖದಿಂದ ಕಣ್ಣುಮುಚ್ಚಿತು. ಆದರೆ ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುತ್ತದೆ ಎಂಬುದು ಲಿಂಗರಾಜನಿಗೆ ನೆನಪಾಗುವ ಮೊದಲೇ ಎಮ್ಮೆಗೆ ಗೊತ್ತಾಯಿತು. ಅದು ಒಂದೇ ಓಟಕ್ಕೆ ಕೆರೆಗೆ ಬಿತ್ತು. ಲೇಪವನ್ನು ತಬ್ಬಿಕೊಂಡಿದ್ದ ಲಿಂಗರಾಜನೂ ಜೊತೆಗೇ ಬಿದ್ದ. ಎಮ್ಮೆ ಆಚೆ ದಡಕ್ಕೆ ಹೋಯಿತು. ಪ್ಲಾಸ್ಟರ್ ಚಿಪ್ಪು ಇಡಿಯಾಗಿ ಕಳಚಿಕೊಂಡು ಅವನ ತೋಳಲ್ಲಿ ಉಳಿಯಿತು.

“ಸಿಕ್ತು, ಕಮಲಾಕ್ಷೀ!” ಎಂದು ಕೊರಳುಮಟ್ಟದ ನೀರಿನಿಂದ ಕೂಗಿದ.

“ಅದಿರಲಿ, ಪ್ಲಾಸ್ಟರ್ ಕಲಸಿದ್ದು ನನ್ನ ಹಾಲಿನ ಪಾತ್ರಿಯೊಳಗಾ?”

ಚಿಪ್ಪಿಗೆ ಸಿಮೆಂಟು ಸುರಿದು ಅಚ್ಚು ಮಾಡಿ ತಗಡನ್ನು ಎಳೆದದ್ದಾಯಿತು. ಬಾಗು ಅಚ್ಚುಕಟ್ಟು. ಆದರೆ ಒಂದು ತುದಿಯಲ್ಲಿ ಮಾತ್ರ ಮುಷ್ಟಿಗಾತ್ರದ ಗಂಟು: ಎಮ್ಮೆಯ ಸೊಂಟದ ಮೂಳೆ. ಅದನ್ನು ತಟ್ಟಿ ಮಟ್ಟ ಮಾಡುವ ಮೊದಲೇ ಸಾಹೇಬರು ಬಂದೇಬಿಟ್ಟರು.

ಪಟ್ಟಾಭಿರಾಮರು ಮೈಸೂರಿನವರು. ಗಂಟಿನ ಮೇಲೆ ಬೆರಳಾಡಿಸಿ, “ಏನ್ರೀ ಇದು?” ಎಂದರು.

ಲಿಂಗರಾಜ ಬಾಯಿತಪ್ಪಿ ಅಂದ: “ಮೂಳಿರೀ... ಅಂದ್ರ, ಬಲಕ್ಕರೀ ಸರ್.”

ಸಾಹೇಬರು ಗಂಟನ್ನು ಕುಟ್ಟಿ, ಕಿವಿಗೊಟ್ಟು ಕೇಳಿದರು. “ಭೇಷ್! ತೂಕ ಹೆಚ್ಚಿಸ್ದೆ ಬಲ! ಇದು ಯಾರಿಗೂ ಹೊಳ್ದಿರ್ಲಿಲ್ವಲ್ರೀ. ಬಲಗಡೆಗೂ ಹೀಗೇ ಒಂದು ಮಾಡ್ಬಿಡಿ.”

ಲಿಂಗರಾಜ ಮತ್ತೆ ಎಣ್ಣೆ, ಪ್ಲಾಸ್ಟರ್ ಹೊತ್ತು ವಸ್ತ್ರಾಪುರಕ್ಕೆ ಹೋದ. ಅವನನ್ನು ದೂರದಿಂದ ಕಂಡಕೂಡಲೇ ಎಮ್ಮೆ ಮೇವು ಬಿಟ್ಟು ಕೆರೆಗಿಳಿದು, ಮೂಗಿನ ಹೊಳ್ಳೆಯೊಂದನ್ನೇ ಹೊರಗಿಟ್ಟುಕೊಂಡು ನಿಂತಿತು.